ಗಿಟಾರ್ ಕಿಟ್: ಒಳಗಿನ ಎಕ್ಸ್ ಬ್ರೇಸ್ ತುದಿ ಬಾಯಿ ಬಿಟ್ಟಿದೆ, ಕಿತ್ತು ಹಾಕ್ಲಾ ಹಂಗೇ ಅಂಟಿಸ್ಲಾ?

ಮೇಗರವಳ್ಳಿ ಮಳೆ (ಜುಲೈ 19, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಗಿಟಾರ್ ನುಡಿಸೋದು ಹತ್ತು ವರ್ಷದಿಂದ, ಕಟ್ಟೋದು ಇದೇ ಮೊದಲು. ಡ್ರೆಡ್‌ನಾಟ್ (ದೊಡ್ಡ ಮೈಯ ಸ್ಟೀಲ್ ತಂತಿ ಗಿಟಾರ್) ಕಿಟ್ ಒಂದು ತರಿಸ್ದೆ. ಸೈಡ್ ಬಗ್ಗಿಸಿಯೇ ಬಂದಿತ್ತು, ಸಿಟ್ಕಾ ಸ್ಪ್ರೂಸ್ ಮರದ ಟಾಪು, ಅಂದ್ರೆ ಮುಂದಿನ ಹಲಗೆ, ಎರಡು ಹೋಳು ಜೋಡಿಸಿ, ತೂತು ಕೊರೆದು, ಸುತ್ತ ರೋಸೆಟ್ ಅನ್ನೋ ಅಲಂಕಾರದ ಉಂಗುರ ಕೂಡ ಕೂರಿಸಿ ಕಳ್ಸಿದ್ರು. ನನ್ನ ಪಾಲಿಗೆ ಉಳಿದ ಮೊದಲ ದೊಡ್ಡ ಕೆಲಸ ಅಂದ್ರೆ ಒಳಗಡೆ ಬ್ರೇಸ್, ಅಂದ್ರೆ ಟಾಪಿಗೆ ಬಲ ಕೊಡೋ ಮರದ ಪಟ್ಟಿ, ಅಂಟಿಸೋದು.

ಅಡುಗೆಮನೆ ಕಡಪಾ ಕಲ್ಲಿನ ಮೇಲೆ ಟಾಪು ಬೋರಲು ಹಾಕಿ ಎಕ್ಸ್ ಆಕಾರದಲ್ಲಿ ಕೂಡೋ ಎರಡೂ ಪಟ್ಟಿ, ಬ್ರಿಡ್ಜ್ (ತಂತಿ ಕಟ್ಟೋ ತುಂಡು) ಅಡಿಗೆ ಬರೋ ಬ್ರಿಡ್ಜ್ ಪ್ಲೇಟ್, ಕೆಳಗಿನ ಎರಡು ಸಣ್ಣ ಪಟ್ಟಿ (ಟೋನ್ ಬಾರ್) ಎಲ್ಲಾ ಒಂದೇ ದಿನ ಅಂಟಿಸ್ದೆ. ಕ್ಲಾಂಪ್ ನಡು ತನಕ ಎಟುಕ್ಲಿಲ್ಲ, ಅದಕ್ಕೆ ಮೇಲೆ ಎರಡು ಇಟ್ಟಿಗೆ, ಒಂದು ಅಕ್ಕಿ ಚೀಲ, ಅಮ್ಮನ ರುಬ್ಬೋ ಗುಂಡು. ಬೆಳಿಗ್ಗೆ ನೋಡಿದ್ರೆ ಬಂಡೆ ಹಂಗೆ ಕೂತಿತ್ತು, ಫೋಟೋ ತೆಗ್ದು ಸ್ಟೇಟಸ್‌ಗೆ ಹಾಕಿದ್ದೂ ಆಯ್ತು.

ಒಂಬತ್ತು ದಿನ ಆದ್ಮೇಲೆ ಈಗ ಎಕ್ಸ್‌ನ ಬಲಗಡೆ ಕೆಳಗಿನ ಕಾಲು ತುದಿಯಿಂದ ಮೂರಿಂಚು ಬಿಟ್ಕೊಂಡಿದೆ. ಮದುವೆ ಕಾಗದ ಸಲೀಸಾಗಿ ಒಳಗೆ ಹೋಗತ್ತೆ. ಟಾಪು ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದ ಥರ ಸುರುಟಿದೆ, ಮುಖದ ಕಡೆ ತಗ್ಗು, ಬ್ರೇಸ್ ಕಡೆ ಉಬ್ಬು. ಸೂಪರ್ ಗ್ಲೂ ಎರಡು ಹನಿ ಬಿಟ್ಟು ಒತ್ತಿ ಹಿಡಿದ್ರೆ ಸಾಕಾ? ಬೈಯೋರು ಬೈಯಿರಿ, ಜೊತೆಗೆ ಉಪಾಯನೂ ಹೇಳಿ.

ಅಡಿಕೆ ಭಾವ (ರಾತ್ರಿ 10:52)

ರುಬ್ಬೋ ಗುಂಡು ಇಟ್ಟಿದ್ದಕ್ಕೆ ಗಿಟಾರ್ ಅಲ್ಲ ಮಾರಾಯ, ಚಟ್ನಿ ಆಗೋದು.

ಬೆಂಗ್ಳೂರ್ ಬಾಬು (ರಾತ್ರಿ 11:05)

ಸೂಪರ್ ಗ್ಲೂ ಹಾಕಿ ಮುಗ್ಸಿ ಗುರು. ಒಳಗಡೆ ಇರೋದು ಯಾರು ನೋಡ್ತಾರೆ.

ಆರನೇ ತಂತಿ (ರಾತ್ರಿ 11:31)

ಬಾಬು, ಯಾರೂ ನೋಡಲ್ಲ ನಿಜ, ಆದ್ರೆ ತಂತಿಗೆ ಗೊತ್ತಾಗತ್ತೆ. ಲೈಟ್ ಗೇಜ್ (ತೆಳು) ಆರು ತಂತಿ ಶ್ರುತಿ ಮಾಡಿದ್ರೆ ಒಟ್ಟು ಸುಮಾರು 75 ಕೆ.ಜಿ. ಎಳೆತ. ಅಂದ್ರೆ ಒಬ್ಬ ಆಳು ಬ್ರಿಡ್ಜ್‌ಗೆ ಜೋತುಬಿದ್ದಂಗೆ. ಟಾಪು ದಪ್ಪ ಎಷ್ಟು, ಮೂರು ಮಿ.ಮೀ. ಒಳಗೆ. ಅದನ್ನ ತಡ್ಕೊಳ್ಳೋದು ಆ ಎಕ್ಸ್ ಒಂದೇ.

ಮಳೆಯವರೇ, ಹನಿ ಬಿಡೋಕೆ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಅಂಟು ಯಾವ್ದು? ಅಂಟಿಸಿದ ದಿನ ರೂಮಲ್ಲಿ ತೇವಾಂಶ ಎಷ್ಟಿತ್ತು? ಅಂಟಿಸಿದ್ಮೇಲೆ ಟಾಪು ಎಲ್ಲಿಟ್ಟಿದ್ರಿ? ಬ್ರೇಸ್‌ನ ಕೆಳಮೈ, ಅಂದ್ರೆ ಅಂಟು ಹಚ್ಚೋ ಮೈ, ನೇರ ಇತ್ತಾ ಬಾಗಿತ್ತಾ?

ಮೇಗರವಳ್ಳಿ ಮಳೆ (ಜುಲೈ 20, ಬೆಳಿಗ್ಗೆ 7:15)

ಸರ್, ಅಂಟು ಮನೇಲಿದ್ದ ಬಿಳಿ ಅಂಟು. ತೇವಾಂಶ ಅಳೆದಿಲ್ಲ, ಆವತ್ತು ಬೆಳಿಗ್ಗೆಯಿಂದ ರಾತ್ರಿ ತನಕ ಒಂದೇ ಸಮ ಹೊಯ್ದಿತ್ತು, ಆಗುಂಬೆ ನಮ್ಮಿಂದ ಕೂಗಳತೆ ಅಂತ ಇಟ್ಕೊಳ್ಳಿ. ಅಂಟು ಬೇಗ ಒಣಗ್ಲಿ ಅಂತ ಮರುದಿನದಿಂದ ಬಚ್ಚಲಒಲೆ ಮೇಲೆ ಬಟ್ಟೆ ಒಣಗಿಸೋ ಗಳುವಿನ ಮೇಲೆ ಇಟ್ಟಿದ್ದೆ.

ನಾಲ್ಕನೇದು ಹೇಳಕ್ಕೆ ಸ್ವಲ್ಪ ಮುಜುಗರ. ಕಿಟ್‌ನಲ್ಲಿ ಬಂದ ಪಟ್ಟಿ ಎಲ್ಲಾ ಸೊಟ್ಟ ಇತ್ತು. ಕಲ್ಲಿನ ಮೇಲಿಟ್ರೆ ತೊಟ್ಟಿಲು ತೂಗಿದಂಗೆ ತೂಗ್ತಿತ್ತು. ಬರೋವಾಗ ಮಳೇಲಿ ನೆನೆದು ಬಾಗಿದೆ ಅಂದ್ಕೊಂಡು ಅಪ್ಪನ ತೋಪಡ ಹೊಡೆದು ನೇರ ಮಾಡ್ದೆ.

ಅಡಿಕೆ ಭಾವ (ಬೆಳಿಗ್ಗೆ 7:18)

ಅಯ್ಯೋ ದೇವ್ರೇ.

ಆರನೇ ತಂತಿ (ಬೆಳಿಗ್ಗೆ 8:02)

ಅದು ಸೊಟ್ಟ ಅಲ್ಲ ಮಾರಾಯ್ರೇ. ಅದು ಕಮಾನು. ಬೇಕು ಅಂತ್ಲೇ ಹಂಗೆ ಕೊಯ್ದಿರ್ತಾರೆ.

ಫ್ಲಾಟ್ ಟಾಪ್ ಅಂತ ಹೆಸರಿಗೆ ಕರೀತಾರೆ, ನಿಜಕ್ಕೂ ಚಪ್ಪಟೆ ಇರೋದು ಕಮ್ಮಿ. ಟಾಪ್ ಬ್ರೇಸ್‌ನ ಅಡಿಯನ್ನ 25 ಅಡಿ ಅಥ್ವಾ 28 ಅಡಿ ತ್ರಿಜ್ಯದ ವೃತ್ತದ ಒಂದು ತುಣುಕಿನ ಥರ ಬಾಗಿಸಿ ಕೊಯ್ತಾರೆ, ಹಿಂದಿನ ಹಲಗೆಯದ್ದು ಇನ್ನೂ ಜಾಸ್ತಿ, 15 ಅಡಿ. ಅದಕ್ಕೆ ಟಾಪನ್ನ ಒತ್ತಿ ಅಂಟಿಸಿದಾಗ ಟಾಪೂ ಅಷ್ಟೇ ಬಾಗಿ ಗುಬುಟಾಗಿ ನಿಲ್ಲತ್ತೆ. ಹಂಗೆ ಗುಬುಟಿದ್ರೆ ಹವೆ ಒಣಗಿ ಮರ ಕುಗ್ಗಿದಾಗ ಉಬ್ಬು ಸ್ವಲ್ಪ ಇಳಿಯತ್ತೆ, ಅಷ್ಟೇ. ಚಪ್ಪಟೆ ಹಲಗೆಗೆ ಇಳಿಯೋಕೆ ಜಾಗ ಇಲ್ಲ, ತಗ್ಗು ಬೀಳತ್ತೆ ಇಲ್ಲಾ ಸೀಳು ಬಿಡತ್ತೆ. ನಿಮಗೆ ಆಗಿರೋದು ಅದೇ.

ಶರಾವತಿ ತೀರ (ಬೆಳಿಗ್ಗೆ 9:40)

ನಾನು ಗಿಟಾರ್ ನುಡಿಸಲ್ಲ, ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡ್ತೀನಿ, ಈ ಹಪ್ಪಳದ ಲೆಕ್ಕ ನೋಡಿ ಸುಮ್ನೆ ಇರೋಕೆ ಆಗ್ಲಿಲ್ಲ.

ಮರ ಉದ್ದಕ್ಕೆ ಹಿಗ್ಗೋದು ಕುಗ್ಗೋದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಮಾತ್ರ. ಗಾಳೀಲಿ ಶೇ. 88 ತೇವಾಂಶ ಇದ್ರೆ ಮರದೊಳಗೆ ನೀರು ಶೇ. 19ರ ಹತ್ರ ನಿಲ್ಲತ್ತೆ, ಶೇ. 45 ಇದ್ರೆ ಎಂಟೂವರೆ. ಸಿಟ್ಕಾ ಸ್ಪ್ರೂಸ್ ಹಸಿ ಮರ ಪೂರ್ತಿ ಒಣಗಿದ್ರೆ ರೇಡಿಯಲ್ ದಿಕ್ಕಲ್ಲಿ, ಅಂದ್ರೆ ತಿರುಳಿಂದ ತೊಗಟೆ ಕಡೆಗೆ (ಟಾಪಿನ ಅಗಲ ಅದೇ ದಿಕ್ಕು), ಶೇ. 4.3 ಕುಗ್ಗತ್ತೆ. ಡ್ರೆಡ್‌ನಾಟ್ ಟಾಪಿನ ಅಗಲ 16 ಇಂಚು ಅಂತ ಹಿಡಿದು ಹಾಕಿ ನೋಡಿ, ಮೇಗರವಳ್ಳಿ ಮಳೆಗೂ ಒಣ ಹವೆಗೂ ನಡುವೆ ಆರು ಮಿ.ಮೀ. ಹೆಚ್ಚುಕಮ್ಮಿ ಅಗಲ ಬದಲಾಗತ್ತೆ. ಆರು ಮಿ.ಮೀ.! ಅದರ ಬೆನ್ನಿಗೆ ಅಂಟಿರೋ ಬ್ರೇಸು ಉದ್ದಕ್ಕೆ ಒಂದು ಕೂದಲೂ ಕುಗ್ಗಲ್ಲ. ಒಂದು ಮೈ ಕುಗ್ಗಿ ಇನ್ನೊಂದು ಹಂಗೇ ಇದ್ರೆ ಬಾಗ್ದೆ ಇನ್ನೇನು ಮಾಡತ್ತೆ, ಇಸ್ತ್ರಿ ಪೆಟ್ಟಿಗೆ ಒಳಗಿನ ಎರಡು ಲೋಹದ ಪಟ್ಟಿ ಥರ. ಕುಗ್ಗಿದ್ದು ಮುಖದ ಮೈ, ಅದಕ್ಕೆ ಮುಖದ ಕಡೆ ತಗ್ಗು. ಅಂಚು ಬ್ರೇಸಿಂದ ದೂರ ಎಳೀತಾ ಇದೆ, ಬಾಯಿ ಬಿಟ್ಟಿದ್ದೂ ತುದೀಲೇ.

ಮಳೆಗಾಲದಲ್ಲಿ ಅಂಟಿಸಿ ಒಲೆ ಮೇಲಿಟ್ರಲ್ಲ, ನಾಲ್ಕು ತಿಂಗಳ ಕೆಲಸ ಒಂದು ರಾತ್ರಿಗೆ ಮುಗಿಸಿದ್ರಿ.

ಆರನೇ ತಂತಿ (ಬೆಳಿಗ್ಗೆ 9:55)

ಮೇಡಂ, ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರ್ಲಿಲ್ಲ. ಬಿಳಿ ಅಂಟು ಬಿಸಿಗೆ ಮೆತ್ತಗೂ ಆಗತ್ತೆ, ಅದನ್ನೂ ಸೇರಿಸ್ಕೊಳ್ಳಿ.

ಬೆಂಗ್ಳೂರ್ ಬಾಬು (ಬೆಳಿಗ್ಗೆ 10:20)

ಇಷ್ಟೆಲ್ಲಾ ಪಜೀತಿ ಯಾಕೆ, ಕಿಟ್ ದುಡ್ಡಿಗೆ ಇನ್ನೊಂಚೂರು ಹಾಕಿದ್ರೆ ರೆಡಿ ಗಿಟಾರೇ ಬರತ್ತೆ.

ಉಳಿಪೆಟ್ಟು (ಬೆಳಿಗ್ಗೆ 10:48)

ತಮ್ಮಾ ಬಾಬು, ಅಂಗಡೀಲಿ ಚಕ್ಲಿ ಸಿಗ್ತದೆ ಅಂತ ಮನೇಲಿ ಯಾರೂ ಚಕ್ಲಿ ಒತ್ತದು ಬಿಡ್ಲಿಲ್ಲ.

ನಾನು ಸಾಗರದವ, ಮರಗೆಲಸ ಮೂರು ತಲೆಮಾರಿಂದ. ಗಿಟಾರ್ ಒಳಗೆ ಕಂಡವನಲ್ಲ, ಆದ್ರೆ ಒಂದು ಕೇಳ್ತೆ. ಪಟ್ಟಿ ಅಡಿ ತೋಪಡ ಹೊಡೆದು ನೇರ ಮಾಡ್ದೆ ಅಂದ್ಯಲ್ಲ, ನಡು ಭಾಗದ್ದು ಎಷ್ಟು ಹೋಯ್ತು? ಕಮಾನು ನೇರ ಆಗ್ಬೇಕಾದ್ರೆ ನಡುವಿಂದ್ಲೇ ಹೋಗ್ಬೇಕು, ತುದಿ ಮುಟ್ಟಲ್ಲ. ಸ್ಕೇಲ್ ಇಟ್ಟು ಎತ್ತರ ನೋಡಿ ಹೇಳು.

ಮೇಗರವಳ್ಳಿ ಮಳೆ (ಬೆಳಿಗ್ಗೆ 11:30)

ಅಣ್ಣ, ಎಕ್ಸ್ ಕೂಡೋ ಜಾಗದಲ್ಲಿ 12 ಮಿ.ಮೀ. ಇದೆ. ಕಿಟ್ ಕಾಗದದಲ್ಲಿ 16 ಅಂತ ಬರ್ದಿದೆ. ಈಗ ನೋಡ್ದೆ.

ಉಳಿಪೆಟ್ಟು (ಬೆಳಿಗ್ಗೆ 11:41)

ಹಂಗಾದ್ರೆ ಹೋಯ್ತು ಅದು. ಮಾಡಿಗೆ ತೊಲೆ ಇಡಬೇಕಾದ್ರೆ ನಿಲ್ಲಿಸಿ ಇಡ್ತೋ ಮಲಗಿಸಿ ಇಡ್ತೋ? ಅದೇ ತೊಲೆ, ಅದೇ ಮರ. ಎತ್ತರದಲ್ಲೇ ಬಲ ಇರದು.

ಶರಾವತಿ ತೀರ (ಮಧ್ಯಾಹ್ನ 12:10)

ಉಳಿಪೆಟ್ಟಣ್ಣ ಹೇಳಿದ್ದೇ ಸೂತ್ರ. ಅಗಲ ಎರಡು ಪಟ್ಟು ಮಾಡಿದ್ರೆ ಗಡಸುತನ (ಬಗ್ಗದ ಗುಣ) ಎರಡು ಪಟ್ಟು, ಎತ್ತರ ಎರಡು ಪಟ್ಟು ಮಾಡಿದ್ರೆ ಎಂಟು ಪಟ್ಟು. ತಿರುಗಾ ಹೇಳಿದ್ರೆ 16 ಇದ್ದದ್ದು 12 ಆದಾಗ ಉಳಿಯೋದು ಶೇ. 42. ನಾಲ್ಕು ಮಿ.ಮೀ. ಹೆರೆದು ಅರ್ಧಕ್ಕಿಂತ ಜಾಸ್ತಿ ಕಳ್ಕೊಂಡಿದೀರಿ, ಅದೂ ಸರಿಯಾಗಿ ನಟ್ಟನಡುವೆ.

ಮೇಗರವಳ್ಳಿ ಮಳೆ (ಮಧ್ಯಾಹ್ನ 12:14)

ಊಟ ಸೇರ್ತಾ ಇಲ್ಲ.

ಹಳೇ ಶ್ರುತಿ (ಮಧ್ಯಾಹ್ನ 2:05)

ಎಲ್ಲರೂ ಸೇರಿ ಹುಡುಗನ್ನ ಹೆದರಿಸ್ಬೇಡಿ. ಚಪ್ಪಟೆ ಟಾಪ್ ಇರೋ ಗಿಟಾರ್ ಲೋಕದಲ್ಲಿ ಇಲ್ವೇ? ಲ್ಯಾಡರ್ ಬ್ರೇಸಿಂಗ್ ಅಂತ ಏಣಿ ಮೆಟ್ಲಿನ ಥರ ಅಡ್ಡ ಪಟ್ಟಿ ಹಾಕಿದ ಹಳೇ ಗಿಟಾರ್ ಎಷ್ಟು ಬೇಕು. ಎಕ್ಸ್ ಬಂದಿದ್ದೇ 1840ರ ದಶಕದಲ್ಲಿ, ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕೈಯಲ್ಲಿ ಅದು ನೆಲೆ ನಿಂತಿತು. ಆಗ ಕರುಳಿನ ತಂತಿ ಹಾಕ್ತಿದ್ರು, ಸ್ಟೀಲ್ ಅಲ್ಲ. ಸ್ಪೇನಿನ ಗಿಟಾರ್ ತಯಾರಕ ಟೊರೆಸ್ ಏಳು ಕಡ್ಡಿ ಬೀಸಣಿಗೆ ಥರ ಹರಡಿದ, ಇವತ್ತಿಗೂ ಕ್ಲಾಸಿಕಲ್ ಗಿಟಾರ್ ಅದೇ ದಾರಿ. ಇದೇ ಸರಿ ಅನ್ನೋ ಶಾಸ್ತ್ರ ಏನಿಲ್ಲ.

ಆರನೇ ತಂತಿ (ಮಧ್ಯಾಹ್ನ 2:40)

ಶಾಸ್ತ್ರ ಇಲ್ಲ ಸರ್, ಆದ್ರೆ ಸ್ಟೀಲ್ ತಂತಿ ಇದೆ. ಇವರ ಹತ್ರ ಇರೋದು ಡ್ರೆಡ್‌ನಾಟ್. ಮಾರ್ಟಿನ್ ಕಥೆ ತೆಗೆದ್ರಲ್ಲ, ಅದನ್ನೇ ಪೂರ್ತಿ ಮಾಡಿ. ಬ್ರೇಸ್ ಬೆನ್ನು ತೊಟ್ಟಿಲ ಥರ ಕೆತ್ತಿ ಹಗುರ ಮಾಡೋ ಸ್ಕ್ಯಾಲಪ್ ಪದ್ಧತಿನ ಅವರು 1944ರಲ್ಲಿ ನಿಲ್ಲಿಸಿದ್ರು, ಜನ ದಪ್ಪ ತಂತಿ ಹಾಕಿ ಟಾಪು ಉಬ್ಬಿಸ್ತಿದ್ರು ಅಂತ. ಮತ್ತೆ ಶುರು ಮಾಡಿದ್ದು 1976ರಲ್ಲಿ, ಎಚ್‌ಡಿ-28 ಅನ್ನೋ ಮಾದರಿ ಜೊತೆ. ಆ ಮನೆಯವರೇ ಮೂವತ್ತು ವರ್ಷ ಹಿಂದೆ ಸರಿದ್ರು ಅಂದ್ಮೇಲೆ 12 ಮಿ.ಮೀ. ಎಕ್ಸ್ ಹಾಕ್ಕೊಂಡು ನಾವು ಶೂರತನ ತೋರ್ಸೋದು ಬೇಡ.

ಹಳೇ ಶ್ರುತಿ (ಮಧ್ಯಾಹ್ನ 2:51)

ನಾನು ಚಪ್ಪಟೆ ಬಗ್ಗೆ ಮಾತಾಡ್ತಿದ್ದೆ, ನೀವು ಎತ್ತರಕ್ಕೆ ಹಾರಿದ್ರಿ.

ಆರನೇ ತಂತಿ (ಮಧ್ಯಾಹ್ನ 2:58)

ಇವರದ್ದು ಎರಡೂ ಹೋಗಿದೆ ಸರ್!

ಅಡಿಕೆ ಭಾವ (ಮಧ್ಯಾಹ್ನ 3:20)

ಜಗಳ ಆಮೇಲೆ. ಈಗ ಮಾಡೋದು ಎಂತ ಹೇಳಿ, ಹುಡುಗ ಊಟ ಬಿಟ್ಟು ಕೂತಿದಾನೆ.

ಆರನೇ ತಂತಿ (ಸಂಜೆ 6:30)

ಸರಿ, ಕ್ಲಾಸ್ ಮುಗಿಸಿ ಬಂದೆ. ನಾನು ಇಲ್ಲಿವರೆಗೆ ಮೂರು ಕಟ್ಟಿದೀನಿ, ಮೊದಲನೇದನ್ನ ಯಾರಿಗೂ ತೋರ್ಸಲ್ಲ, ಆ ಅನುಭವದ ಮೇಲೆ ಹೇಳ್ತಿದೀನಿ.

ಸೂಪರ್ ಗ್ಲೂ ಬೇಡ. ಎಕ್ಸ್ ಎರಡೂ, ಟೋನ್ ಬಾರ್ ಎರಡೂ ತೆಗೀರಿ. ಬ್ರಿಡ್ಜ್ ಪ್ಲೇಟ್ ಚೆನ್ನಾಗಿ ಕೂತಿದ್ರೆ ಮುಟ್ಬೇಡಿ. ತೆಗಿಯೋದು ಎರಡು ಥರ. ಬ್ರೇಸ್ ಹೆಂಗೂ ಹಾಳಾಗಿದೆ, ಅದಕ್ಕೆ ಉಳಿ ಮತ್ತೆ ಸಣ್ಣ ತೋಪಡದಲ್ಲಿ ಮೇಲಿಂದ ಹೆರೆದು ಹೆರೆದು ಒಂದು ಮಿ.ಮೀ.ಗೆ ಇಳಿಸಿ. ಕೊನೇ ಪದರಕ್ಕೆ ಮಾತ್ರ ಬಿಸಿ. ತೆಳ್ಳಗಿನ ಸ್ಟೀಲ್ ದೋಸೆ ಸಟ್ಟುಗ ಇರತ್ತಲ್ಲ, ಅದನ್ನ ಕೈಗೆ ಸುಡೋ ಅಷ್ಟು ಕಾಯಿಸಿ ತುದಿಯಿಂದ ಮೆಲ್ಲಗೆ ನುಗ್ಗಿಸಿ, ಅಂಟು ರಬ್ಬರ್ ಥರ ಎಳೆ ಎಳೆಯಾಗಿ ಬಿಡತ್ತೆ. ಗ್ರೈನ್ (ಮರದ ನಾರು) ಯಾವ ಕಡೆ ಇಳೀತಿದೆ ನೋಡ್ಕೊಂಡು ಹೋಗಿ, ಎದುರು ಹೋದ್ರೆ ಸ್ಪ್ರೂಸ್ ಸಿಪ್ಪೆ ಎದ್ದು ಬರತ್ತೆ. ನೀರು ಸುರೀಬೇಡಿ. ಹಳೇ ಅಂಟಿನ ಕಲೆ ಒಂಚೂರೂ ಇರ್ಬಾರ್ದು, ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ. ಬ್ಲೇಡ್ ನೆಟ್ಟಗೆ ನಿಲ್ಲಿಸಿ ಕೆರೆದು ತೆಗೀರಿ.

ಆಮೇಲೆ ಟಾಪನ್ನ ಶೇ. 45 ತೇವಾಂಶದಲ್ಲಿ ಎರಡು ವಾರ ಬಿಡ್ಬೇಕು. ಅದು ತಾನಾಗೇ ನೇರ ಆಗತ್ತೆ, ಸೀಳಿಲ್ಲ ಅಂದ್ರೆ ಬಚಾವ್.

ಮೇಗರವಳ್ಳಿ ಮಳೆ (ಸಂಜೆ 6:44)

ಸೀಳಿಲ್ಲ ಸರ್, ಟಾರ್ಚ್ ಹಿಂದಿಂದ ಬಿಟ್ಟು ನೋಡ್ದೆ. ಆದ್ರೆ ಇಲ್ಲಿ ಜುಲೈನಲ್ಲಿ ಶೇ. 45 ಎಲ್ಲಿಂದ ತರ್ಲಿ? ಚಪ್ಪಲಿಗೂ ಬೂಸ್ಟು ಹಿಡಿದಿದೆ.

ಶರಾವತಿ ತೀರ (ಸಂಜೆ 7:10)

ಹಳೇ ಕಬ್ಬಿಣದ ಬೀರು ಇದೆಯಾ? ಕೆಳಗಡೆ ಖಾನೇಲಿ ಹಳೇ ಕಾಲದ 40 ವ್ಯಾಟ್ ಬಿಸಿ ಬಲ್ಬ್ ಒಂದು, ಎಲ್‌ಇಡಿ ಅಲ್ಲ. ನಿಮ್ಮಲ್ಲಿ ಈಗ 24 ಡಿಗ್ರಿ, ಶೇ. 88 ಅಂತ ಇಟ್ಕೊಳ್ಳಿ. ಅದೇ ಗಾಳಿ 35 ಡಿಗ್ರಿಗೆ ಕಾದ್ರೆ ಅದರ ಸಾಪೇಕ್ಷ ತೇವಾಂಶ ಶೇ. 47ಕ್ಕೆ ಇಳಿಯತ್ತೆ. ನೀರು ಎಲ್ಲೂ ಹೋಗಿಲ್ಲ, ಗಾಳಿಯ ಹೊಟ್ಟೆ ದೊಡ್ದಾಯ್ತು ಅಷ್ಟೆ. ಬಲ್ಬ್‌ಗೂ ಟಾಪಿಗೂ ನಡುವೆ ಒಂದು ತಗಡು ಅಡ್ಡ ಇಡಿ, ನೇರ ಶಾಖ ತಾಗ್ಬಾರ್ದು. ಪಕ್ಕದಲ್ಲೇ ಬಟ್ಟೆ, ಕಾಗದ ಇಡ್ಬೇಡಿ, ಮನೇಲಿ ಯಾರೂ ಇಲ್ದಾಗ ಉರಿಸ್ಬೇಡಿ.

ಹೈಗ್ರೋಮೀಟರ್, ಅಂದ್ರೆ ತೇವಾಂಶ ಅಳೆಯೋ ಮೀಟರ್, ಬೇಕೇ ಬೇಕು, ಮುನ್ನೂರು ನಾನೂರಕ್ಕೆ ಸಿಗತ್ತೆ. ಆದ್ರೆ ಬಂದ ತಕ್ಷಣ ನಂಬ್ಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಎರಡು ಹನಿ ನೀರು ಬಿಟ್ಟು ಕೆಸರು ಮಾಡಿ, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸ್ಬೇಕು. 81 ತೋರಿಸಿದ್ರೆ ಆರು ಕಳೆದು ಓದ್ಕೊಳ್ಳಿ.

ಅಡಿಕೆ ಭಾವ (ಸಂಜೆ 7:25)

ಮೇಡಂ ಈ ಉಪ್ಪಿನ ಉಪಾಯ ನಮ್ಮ ಕಾಳುಮೆಣಸಿನ ಗೋಡೌನ್‌ಗೂ ಆಗ್ತದಾ?

ಶರಾವತಿ ತೀರ (ಸಂಜೆ 7:31)

ಮೀಟರ್ ಸರಿ ಇದೆಯಾ ನೋಡೋಕೆ ಆಗತ್ತೆ. ಮೆಣಸು ಒಣಗಿಸೋಕೆ ಆಗಲ್ಲ.

ಬೆಂಗ್ಳೂರ್ ಬಾಬು (ಸಂಜೆ 7:50)

ಹೊಸ ಬ್ರೇಸ್‌ಗೆ ಸ್ಪ್ರೂಸ್ ಎಲ್ಲಿ ಸಿಗತ್ತೆ? ನಿಮ್ ಕಡೆ ಕಾಡೇ ಇದೆಯಲ್ಲ, ಯಾವ್ದಾದ್ರೂ ಮರ ಹಾಕಿ. ಬೀಟೆ ಹಾಕಿ ರಾಯಲ್ ಆಗಿರತ್ತೆ.

ಉಳಿಪೆಟ್ಟು (ರಾತ್ರಿ 8:15)

ಬೀಟೆ ಕಡಿಯದು ಅಂದ್ರೆ ಅರಣ್ಯ ಇಲಾಖೆ ಪರವಾನಗಿ ಬೇಕು ತಮ್ಮಾ, ನಿನ್ನ ಗದ್ದೆ ಬದೀಲೇ ಇದ್ರೂವ. ಅದೂ ಅಲ್ದೆ ಕಬ್ಬಿಣದಷ್ಟು ಭಾರ, ಪಟ್ಟಿಗೆ ಯಾರು ಹಾಕ್ತಾರೆ. ಹಲಸು ಆಗ್ಬಹುದನ. ವೀಣೆ ಮೃದಂಗ ಎಲ್ಲಾ ಹಲಸಲ್ಲೇ ಮಾಡದು, ನಾದ ಇರೋ ಮರ.

ಆರನೇ ತಂತಿ (ರಾತ್ರಿ 8:40)

ಹಲಸು ನಾದದ ಮರ ಒಪ್ದೆ ಅಣ್ಣ, ವೀಣೆಯ ಕೊಡಕ್ಕೆ ಸರಿ. ಬ್ರೇಸ್‌ಗೆ ಬೇಕಾಗಿರೋದು ಬೇರೆ, ತೂಕ ಕಮ್ಮಿ ಇದ್ದೂ ಬಗ್ಗದೇ ಇರೋದು. ಸ್ಪ್ರೂಸ್ ಆ ವಿಷಯದಲ್ಲಿ ವಿಚಿತ್ರ ಮರ, ಘನ ಮೀಟರ್‌ಗೆ 400ರಿಂದ 450 ಕೆ.ಜಿ., ಆದ್ರೂ ಉದ್ದಕ್ಕೆ ಎಷ್ಟು ಗಡಸು. ಹಲಸಲ್ಲಿ ಅಷ್ಟೇ ಗಡಸು ಬೇಕಂದ್ರೆ ತೂಕ ಏರತ್ತೆ, ಟಾಪು ಹೊತ್ಕೊಂಡು ಕುಣಿಯಲ್ಲ. ಕಿಟ್ ಕೊಟ್ಟವರ ಹತ್ರಾನೇ ಬ್ರೇಸ್ ಮರ ಬಿಡಿಯಾಗಿ ಸಿಗತ್ತೆ, ಕೇಳಿ.

ಬೀಟೆ ವಿಷಯ ಬಂತಲ್ಲ, ಬ್ರೆಜಿಲ್ ರೋಸ್‌ವುಡ್ ಸಿಗ್ದೇ ಹೋದಾಗ 1969ರಲ್ಲಿ ಮಾರ್ಟಿನ್‌ನವರು ಡಿ-28 ಮಾದರಿಯ ಬೆನ್ನಿಗೆ ತಗೊಂಡಿದ್ದು ಇಂಡಿಯನ್ ರೋಸ್‌ವುಡ್, ಅದೇ ನಮ್ಮ ಘಟ್ಟದ ಬೀಟೆ ಜಾತಿ. ಮಳೆಯವರ ಕಿಟ್‌ನಲ್ಲಿ ಬೆನ್ನು ಯಾವ್ದು?

ಮೇಗರವಳ್ಳಿ ಮಳೆ (ರಾತ್ರಿ 8:52)

ಬೀಟೆನೇ ಸರ್. ಇಲ್ಲಿಂದ ಹೋಗಿ ಎಲ್ಲೆಲ್ಲೋ ಸುತ್ತಿ ಕೊರಿಯರ್‌ನಲ್ಲಿ ವಾಪಸ್ ಬಂದಿದೆ ಅನ್ಸತ್ತೆ.

ಉಳಿಪೆಟ್ಟು (ರಾತ್ರಿ 9:05)

ತವರು ಮನೆಗೆ ಬಂತು ಬಿಡು.

ಆ ಸ್ಪ್ರೂಸ್ ತುಂಡು ಬಂದ್ರೆ ಗರಗಸ ಹಾಕ್ಬೇಡ. ಬಿದಿರು ಸೀಳ್ದಂಗೆ ಕತ್ತಿ ಇಟ್ಟು ತಟ್ಟಿ ಸೀಳು. ನಾರು ಎತ್ತ ಹೋಗ್ತದೋ ಅತ್ತ ಸೀಳ್ತದೆ, ಆಮೇಲೆ ಆ ಮೈ ಹಿಡ್ಕೊಂಡು ತೋಪಡ ಹೊಡಿ. ಕೊಯ್ದ ಪಟ್ಟೀಲಿ ನಾರು ಓರೆ ಹೋದ್ರೆ ಅಲ್ಲೇ ಮುರಿಯದು. ಅಂಟಿಸ್ಬೇಕಾದ್ರೆ ತುದಿ ನೋಡು, ವರ್ಷದ ಗೆರೆ ನೆಟ್ಟಗೆ ನಿಂತಿರ್ಬೇಕು, ಮಲಗಿರ್ಬಾರ್ದು.

ಆರನೇ ತಂತಿ (ರಾತ್ರಿ 9:12)

ಅಣ್ಣ ನೀವು ಗಿಟಾರ್ ಒಳಗೆ ಕಂಡಿಲ್ಲ ಅಂತ ಸುಳ್ಳು ಹೇಳ್ತಿದೀರಿ.

ಮೇಗರವಳ್ಳಿ ಮಳೆ (ಜುಲೈ 24, ರಾತ್ರಿ 9:30)

ಎಲ್ಲಾ ಕಿತ್ತಾಯ್ತು. ಸಟ್ಟುಗದ ಐಡಿಯಾ ಕೆಲಸ ಮಾಡ್ತು, ಒಂದು ಕಡೆ ಉಗುರಷ್ಟು ಸಿಪ್ಪೆ ಎದ್ದು ಬಂತು, ವಾಪಸ್ ಅಂಟಿಸ್ದೆ. ಅಮ್ಮ ಬೇರೆ ಸಟ್ಟುಗ ತಂದ್ಕೊಡು ಅಂತಿದಾರೆ. ಹೊಸ ಮರ ಬರೋಕೆ ಹತ್ತು ದಿನ ಅಂತೆ.

ಈಗ 25 ಅಡಿ ತ್ರಿಜ್ಯದ ಕಮಾನು ಹೆಂಗೆ ಗೀಚೋದು? ಅದಕ್ಕೆ ಅಂತ ಮಾಡಿದ ತಗ್ಗಿನ ಅಚ್ಚು (ಡಿಶ್) ಕೇಳಿದ್ರೆ ರೇಟು ಗಿಟಾರ್ ಕಿಟ್‌ನ ಅರ್ಧ ಹೇಳ್ತಾರೆ.

ಅಡಿಕೆ ಭಾವ (ರಾತ್ರಿ 9:41)

ನಮ್ಮನೆ ಜಗಲಿ 30 ಅಡಿ ಉದ್ದ ಇದೆ, ಬಾ. ಒಂದು ತುದೀಲಿ ಮೊಳೆ, ಈ ತುದೀಲಿ ಪೆನ್ಸಿಲ್. ಹಗ್ಗ ಬೇಡ ಜಗ್ಗತ್ತೆ, ಬೇಲಿ ಕಟ್ಟೋ ತಂತಿ ಇದೆ. ಮಧ್ಯಾಹ್ನ ಬಂದ್ರೆ ಊಟನೂ ಆಗತ್ತೆ, ಪತ್ರೊಡೆ ಮಾಡ್ತಾರೆ.

ಶರಾವತಿ ತೀರ (ರಾತ್ರಿ 9:55)

ಪತ್ರೊಡೆಗೆ ಹೋಗಿ, ಕಮಾನಿಗೆ ಅಷ್ಟು ದೂರ ಹೋಗ್ಬೇಕಿಲ್ಲ. ಎರಡು ಅಡಿ ಪ್ಲೈವುಡ್ ಮೇಲೆ ಎರಡು ತುದಿಗೆ ಒಂದೊಂದು ಮೊಳೆ, ನಟ್ಟನಡುವೆ 6 ಮಿ.ಮೀ. ಮೇಲೆ ಇನ್ನೊಂದು ಮೊಳೆ. ಸ್ಟೀಲ್ ಸ್ಕೇಲ್ ಮೂರಕ್ಕೂ ತಾಗೋ ಹಂಗೆ ಬಾಗಿಸಿ ಗೆರೆ ಎಳೀರಿ. 25 ಅಡಿ ವೃತ್ತದಲ್ಲಿ ಎರಡಡಿಗೆ ಉಬ್ಬು ಅಷ್ಟೇ.

ಅಡಿಕೆ ಭಾವ (ರಾತ್ರಿ 9:58)

ಮೇಡಂ ನಮ್ಮ ಜಗಲಿಗೆ ಬಂದ ಒಂದು ಅವಕಾಶನೂ ತಪ್ಪಿಸಿದ್ರಿ.

ಆರನೇ ತಂತಿ (ರಾತ್ರಿ 10:20)

ಗೆರೆ ಪ್ರಕಾರ ಪ್ಲೈವುಡ್ ಕೊಯ್ದು, ತಗ್ಗಿನ ಕಡೆ ಸ್ಯಾಂಡ್ ಪೇಪರ್ ಅಂಟಿಸಿ ಬ್ರೇಸ್ ಅಡಿ ಉಜ್ಜಿ. ಉಬ್ಬಿನ ಕಡೆಯ ತುಂಡುಗಳನ್ನ ಸಾಲಾಗಿ ನಿಲ್ಲಿಸ್ಬೇಡಿ, ಒತ್ತೋವಾಗ ಟಾಪಿನ ಅಡಿ ಇರ್ಬೇಕಾದ್ದು ತಗ್ಗು. ಇಲ್ಲಿ ತುಂಬಾ ಜನ ಉಲ್ಟಾ ಮಾಡ್ತಾರೆ.

ಒತ್ತೋಕೆ ಇಟ್ಟಿಗೆ, ಗುಂಡು ಮರೆತುಬಿಡಿ. ಗೋ-ಬಾರ್ ಅಂತ ಒಂದು ಪದ್ಧತಿ ಇದೆ, ನಿಮ್ಮಲ್ಲಿ ಪುಕ್ಕಟೆ ಆಗತ್ತೆ. ಎರಡು ಗಟ್ಟಿ ಹಲಗೆ ಮೇಲೊಂದು ಕೆಳಗೊಂದು, ನಡುವೆ ಎರಡಡಿ ಜಾಗ, ನಾಲ್ಕು ಮೂಲೆಗೆ ಬೋಲ್ಟ್. ಕೆಳಗೆ ಟಾಪು, ಅದರ ಮೇಲೆ ಬ್ರೇಸ್. ಬ್ರೇಸ್ ಬೆನ್ನಿಗೂ ಮೇಲಿನ ಹಲಗೆಗೂ ನಡುವೆ ಬಿದಿರು ದಬ್ಬೆ ಬಿಲ್ಲಿನ ಥರ ಬಗ್ಗಿಸಿ ಸಿಗಿಸೋದು, ದಬ್ಬೆ ಆ ಜಾಗಕ್ಕಿಂತ ಅರ್ಧದಿಂದ ಒಂದಿಂಚು ಉದ್ದ ಇದ್ರೆ ಸಾಕು. ಒಂದು ಬ್ರೇಸ್‌ಗೆ ಆರೇಳು ದಬ್ಬೆ. ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಒತ್ತತ್ತೆ, ನಡುವಿಗೂ ಎಟುಕತ್ತೆ.

ಉಳಿಪೆಟ್ಟು (ರಾತ್ರಿ 10:31)

ಅಡಿಕೆ ದಬ್ಬೆ ಬೇಡ, ಅದು ಬಗ್ಗಿದ್ರೆ ಬಗ್ಗಿದಂಗೇ ಉಳೀತದೆ. ಬಿದಿರಾದ್ರೂ ಬಲಿತದ್ದು, ಗಂಟು ಹೆರೆದು ತೆಗ್ದಿದ್ದು. ಕಣ್ಣಿಗೆ ಹೊಡೀತದೆ ಜೋಪಾನ.

ಆರನೇ ತಂತಿ (ರಾತ್ರಿ 10:38)

ಹ್ಞಾಂ, ಕನ್ನಡಕ ಹಾಕ್ಕೊಳ್ಳಿ, ನನಗೆ ಒಂದು ಸಲ ಹುಬ್ಬಿಗೆ ಬಿದ್ದಿತ್ತು.

ಇನ್ನೊಂದು, ಎಲ್ಲಾ ಒಂದೇ ದಿನ ಮುಗಿಸೋ ಚಟ ಬಿಡಿ. ಮೊದಲು ಎಕ್ಸ್ ಮಾತ್ರ. ಎರಡು ಪಟ್ಟಿ ಒಂದರೊಳಗೊಂದು ಅರ್ಧರ್ಧ ಕಚ್ಚೋ ಜಾಗ ಇದೆಯಲ್ಲ, ಅಲ್ಲಿ ಸಡಿಲ ಇದ್ರೆ ಗಿಟಾರಿನ ಸೊಂಟಾನೇ ಸಡಿಲ. ಕಚ್ಚು ಮೇಲ್ಗಡೆ ತೆರೆದಿರೋ ಪಟ್ಟಿ ಅಲ್ಲಿ ಅರ್ಧ ಎತ್ತರಕ್ಕೆ ಇಳಿದಿರತ್ತೆ, ಮೇಡಂ ಲೆಕ್ಕದಲ್ಲಿ ಎಂಟನೇ ಒಂದು. ಕೂಡಿಸಿದ್ಮೇಲೆ ಅದರ ಮೇಲೆ ಸ್ಪ್ರೂಸ್ ಚೂರು ಅಥ್ವಾ ಅಂಟಲ್ಲಿ ಅದ್ದಿದ ಹತ್ತಿ ಬಟ್ಟೆ ಕೂರಿಸಿ. ಅಂಟು ಈ ಸಲ ಹಳದಿ ಅಂಟು, ಟೈಟ್‌ಬಾಂಡ್ ಒರಿಜಿನಲ್ ಥರದ್ದು. ಹಚ್ಚಿ ಐದು ನಿಮಿಷದೊಳಗೆ ಒತ್ತಿ ಮುಗೀಬೇಕು, ಅದಕ್ಕೆ ಮುಂಚೆ ಅಂಟಿಲ್ದೆ ಒಂದು ಸಲ ಪೂರ್ತಿ ತಾಲೀಮು ಮಾಡಿ. ಪಕ್ಕದಿಂದ ಹೊರಬಂದ ಅಂಟು ತೆಗಿಯೋಕೆ ಎಳನೀರು ಸ್ಟ್ರಾ ಓರೆಯಾಗಿ ಕತ್ತರಿಸಿ ಮೂಲೆಗುಂಟ ದೂಡ್ಕೊಂಡು ಹೋಗಿ, ಅಂಟೆಲ್ಲಾ ಸ್ಟ್ರಾ ಒಳಗೆ ಹೊಕ್ಕತ್ತೆ.

ಬೆಂಗ್ಳೂರ್ ಬಾಬು (ರಾತ್ರಿ 10:50)

ಸ್ಟ್ರಾ ಟ್ರಿಕ್ ಸೂಪರ್. ನಾನೂ ಒಂದು ಕಿಟ್ ನೋಡ್ತಾ ಇದೀನಿ, ಯಾರಿಗೂ ಹೇಳ್ಬೇಡಿ.

ಅಡಿಕೆ ಭಾವ (ರಾತ್ರಿ 10:52)

ಈಗಷ್ಟೇ ಎಲ್ಲರಿಗೂ ಹೇಳಿದ್ಯಲ್ಲೋ.

ಮೇಗರವಳ್ಳಿ ಮಳೆ (ಆಗಸ್ಟ್ 30, ಸಂಜೆ 5:20)

ಲೇಟಾಯ್ತು, ಕ್ಷಮಿಸಿ. ನಡುವೆ ತೋಟಕ್ಕೆ ಕೊಳೆ ರೋಗ ಬಂದು ಬೋರ್ಡೋ ದ್ರಾವಣ ಹೊಡೆಸೋದ್ರಲ್ಲೇ ಎರಡು ವಾರ ಹೋಯ್ತು. ಬೀರು ಒಳಗೆ ಟಾಪು ಹದಿನೆಂಟು ದಿನ ಇತ್ತು. ಮೀಟರ್ ಉಪ್ಪಿನ ಪರೀಕ್ಷೇಲಿ 79 ತೋರಿಸ್ತು, ನಾಲ್ಕು ಕಳೆದು 46ಕ್ಕೆ ನಿಲ್ಲಿಸ್ಕೊಂಡಿದ್ದೆ. ಕರೆಂಟ್ ಹೋದಾಗೆಲ್ಲ ಬಾಗಿಲು ತೆಗೀದೇ ಕಾಯ್ತಿದ್ದೆ. ಹಪ್ಪಳ ನಿಜವಾಗ್ಲೂ ನೇರ ಆಯ್ತು.

ನಿನ್ನೆ ಎಕ್ಸ್ ಅಂಟಿಸ್ದೆ. ಹದಿನಾಲ್ಕು ದಬ್ಬೆ. ಒಂದೊಂದು ಸಿಗಿಸ್ದಾಗ್ಲೂ ಪಕ್ಕದಿಂದ ಅಂಟು ಮಣಿ ಮಣಿಯಾಗಿ ಸಾಲಾಗಿ ಎದ್ದು ಬರ್ತಿತ್ತು, ಎಲ್ಲೂ ಖಾಲಿ ಬಿಡದೆ. ಇವತ್ತು ದಬ್ಬೆ ತೆಗೆದು ಟಾಪಿನ ಮುಖದ ಮೇಲೆ ಅಡ್ಡಡ್ಡ ಸ್ಕೇಲ್ ಇಟ್ರೆ ನಡುವಿನ ಮೇಲೆ ತೂಗ್ತಿದೆ. ಎರಡು ತುದಿಗೂ ಸಣ್ಣ ಬೆಳಕು. ಎಷ್ಟು ಹೆರೆದು ತೆಗೀಲಿ ಈಗ? ತಟ್ಟಿ ನೋಡಿ ಗೊತ್ತಾಗತ್ತೆ ಅಂತಾರಲ್ಲ.

ಹಳೇ ಶ್ರುತಿ (ಸಂಜೆ 6:02)

ತಟ್ಟಿ ಕೇಳಿ ಮರ ಮಾತಾಡತ್ತೆ ಅನ್ನೋದೆಲ್ಲ ಅರ್ಧ ಪುರಾಣ.

ಆರನೇ ತಂತಿ (ಸಂಜೆ 6:15)

ಅರ್ಧ ಪುರಾಣ, ಅರ್ಧ ನಿಜ. ಈ ಒಂದು ಮಾತಿಗೆ ನಾನೂ ಹಳೇ ಶ್ರುತಿಯವರೂ ಒಂದೇ ಕಡೆ. ಮೊದಲನೇ ಗಿಟಾರಿಗೆ ಕಿವಿ ನಂಬ್ಬೇಡಿ, ಕಿಟ್ ಕಾಗದದ ಅಳತೆ ನಂಬಿ. ನಡುವಿನ 16 ಮುಟ್ಬೇಡಿ. ಬೆನ್ನು ಗೋಪುರದ ಥರ ಚೂಪು ಮಾಡಿ, ಅಗಲದ ತೂಕ ಹೋಗತ್ತೆ, ಎತ್ತರದ ಬಲ ಉಳಿಯತ್ತೆ. ಎಕ್ಸ್‌ನ ನಾಲ್ಕೂ ತುದಿ ಎರಡು ಮಿ.ಮೀ.ಗೆ ಇಳಿಸಿ ಸೈಡಿನ ಒಳಅಂಚಿಗೆ ಅಂಟಿಸೋ ಪಟ್ಟಿ (ಲೈನಿಂಗ್) ಒಳಗೆ ಕಚ್ಚೋ ಹಂಗೆ ಮಾಡಿ, ಹಂಗೆ ಕಚ್ಚಿದ ತುದಿ ಮತ್ತೆ ಬಾಯಿ ಬಿಡಲ್ಲ. ಆದ್ರೆ ಹೆರೆಯೋಕೆ ಮುಂಚೆ ಒಂದು ಸಲ, ಹೆರೆದ್ಮೇಲೆ ಒಂದು ಸಲ ಎರಡು ಬೆರಳಲ್ಲಿ ಎತ್ತಿ ಹಿಡಿದು ತಟ್ಟಿ. ವ್ಯತ್ಯಾಸ ಕೇಳತ್ತೆ.

ಮೇಗರವಳ್ಳಿ ಮಳೆ (ರಾತ್ರಿ 9:48)

ಕೇಳ್ತು ಸರ್. ಮುಂಚೆ ರೊಟ್ಟಿ ಮಣೆ ತಟ್ಟಿದಂಗಿತ್ತು. ಈಗ ಒಂಚೂರು ಎಳೆದು ಗುಂಯ್ ಅಂತ ನಿಲ್ಲತ್ತೆ. ಅಮ್ಮನೂ ಅಡುಗೆಮನೆಯಿಂದ ಏನೋ ಅದು ಅಂತ ಕೇಳಿದ್ರು.

ಶರಾವತಿ ತೀರ (ರಾತ್ರಿ 10:05)

ಬಾಕ್ಸ್ ಮುಚ್ಚೋ ದಿನವೂ ಅದೇ 46 ಇರ್ಲಿ, ಮರೀಬೇಡಿ. ಬೆನ್ನಿನ ಹಲಗೆಯನ್ನೂ ಈಗಿಂದಲೇ ಬೀರುಗೆ ಹಾಕಿ.

ಉಳಿಪೆಟ್ಟು (ರಾತ್ರಿ 10:11)

ಮುಚ್ಚೋಕೆ ಮುಂಚೆ ಒಳಗಡೆ ಫೋಟೋ ತೆಗ್ದು ಹಾಕು. ನೋಡ್ಬೇಕು ನಂಗೆ.

ಅಡಿಕೆ ಭಾವ (ರಾತ್ರಿ 10:20)

ಆ ಬೀರಲ್ಲಿ ಇನ್ನೂ ಜಾಗ ಇದ್ರೆ ಹೇಳು ಮಾರಾಯ, ಅರ್ಧ ಚೀಲ ಮೆಣಸು ತರ್ತೆ.